ಸಿಸೇರಿಯನ್ ನಂತರದ ಹೊಟ್ಟೆ ಬೆಲ್ಟ್: ಎದ್ದು ಓಡಾಡಲು ಆಸರೆ, ಹೊಟ್ಟೆ ಕರಗಿಸಲು ಅಲ್ಲ

ಸಿಸೇರಿಯನ್ ಆದವರಿಗೆ ಮೊದಲ ಸಲ ಮಂಚದಿಂದ ಏಳುವುದೇ ದೊಡ್ಡ ಕೆಲಸ. ಹೊಲಿಗೆಯ ಜಾಗ ಕೆಳಕ್ಕೆ ಜಗ್ಗಿದಂತಾಗುತ್ತದೆ. ಕೆಮ್ಮು, ಸೀನು ಬಂದರಂತೂ ಕೇಳುವುದೇ ಬೇಡ. ಎಲಾಸ್ಟಿಕ್ ಬೆಲ್ಟ್ ಕೆಲಸಕ್ಕೆ ಬರುವುದು ಈ ಮೊದಲ ದಿನಗಳಲ್ಲೇ. ಹೊಟ್ಟೆ ಚಪ್ಪಟೆ ಮಾಡುತ್ತದೆ, ಬಸಿರಿನಲ್ಲಿ ಬೇರ್ಪಟ್ಟ ಹೊಟ್ಟೆಯ ಸ್ನಾಯುಗಳನ್ನು ಕೂಡಿಸುತ್ತದೆ ಎಂದು ಪೊಟ್ಟಣದ ಮೇಲೆ ಬರೆದಿದ್ದರೆ ನಂಬಬೇಡಿ.

ಈ ಬಗ್ಗೆ ನಡೆದ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ. ಕೆಲವದರಲ್ಲಿ ಬೆಲ್ಟ್ ಕಟ್ಟಿದವರಿಗೆ ನೋವು ಕಡಿಮೆ ಇತ್ತು, ಇನ್ನು ಕೆಲವದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬೆಲ್ಟ್ ಕಟ್ಟಿದೆಯೋ ಇಲ್ಲವೋ ಎಂಬುದು ತಾಯಿಗೆ ಗೊತ್ತೇ ಇರುತ್ತದೆ. ಹಾಗಾಗಿ ಔಷಧವಿಲ್ಲದ ಹುಸಿ ಮಾತ್ರೆಯ ಜೊತೆ ಹೋಲಿಸಿ ಮಾತ್ರೆಯನ್ನು ಪರೀಕ್ಷಿಸಿದಷ್ಟು ಖಚಿತವಾಗಿ ಇದನ್ನು ಪರೀಕ್ಷಿಸಲು ಆಗುವುದೂ ಇಲ್ಲ.

ಕೊಳ್ಳುವಾಗ ಅಗಲ ನೋಡಿ. ಸಾಮಾನ್ಯವಾಗಿ ಮೂರು ಪಟ್ಟಿಯದು 9 ಇಂಚು, ನಾಲ್ಕು ಪಟ್ಟಿಯದು 12 ಇಂಚು ಇರುತ್ತದೆ. ಕುಳ್ಳಗಿರುವವರಿಗೆ 9 ಇಂಚೇ ವಾಸಿ. ಅಗಲದ್ದು ಕೂತಾಗ ಪಕ್ಕೆಲುಬಿಗೆ ಒತ್ತುತ್ತದೆ, ಕೆಳಗಿನ ಅಂಚು ಸುರುಳಿ ಸುತ್ತಿ ನೇರವಾಗಿ ಹೊಲಿಗೆಯ ಮೇಲೆಯೇ ಕೂರುತ್ತದೆ. ಹಾಗೇ ಬಿಟ್ಟರೆ ಚರ್ಮದ ಮೇಲೆ ಕೆಂಪು ಗೆರೆ ಮೂಡುತ್ತದೆ. ಬೆಲ್ಟ್ ಬಗ್ಗೆ ಬರುವ ಕೆಲವು ದೂರುಗಳಿಗೆ ಮೂಲ ಈ ಸುರುಳಿಯೇ. ಅಳತೆಯನ್ನು ಹೆರಿಗೆಯ ನಂತರವೇ ತೆಗೆದುಕೊಳ್ಳಬೇಕು. ಬಸಿರಿಗೆ ಮುಂಚಿನ ಬಟ್ಟೆಯ ಸೈಜ್ ಲೆಕ್ಕಕ್ಕಿಲ್ಲ.

ಕಟ್ಟುವುದು ಮಲಗಿಕೊಂಡು, ಮಂಡಿ ಮಡಚಿ. ಒಳಗೆ ತೆಳು ಹತ್ತಿ ಬಟ್ಟೆ ಇರಲಿ. ಕೆಳಗಿನ ಅಂಚು ಹೊಲಿಗೆಯನ್ನು ದಾಟಿ ಸೊಂಟದ ಎಲುಬನ್ನು ಸುತ್ತುವರಿಯಬೇಕು. ಮೊದಲು ಕೆಳಭಾಗ ಬಿಗಿ ಮಾಡಿ, ಮೇಲಕ್ಕೆ ಹೋದಂತೆ ಸ್ವಲ್ಪ ಸಡಿಲ ಬಿಡಿ. ಒಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು, ಉಸಿರು ಪೂರ್ತಿ ಎಳೆದುಕೊಳ್ಳಲು ಬರಬೇಕು. ಸೊಂಟದ ಎಲುಬಿನ ಬದಲು ಹೊಟ್ಟೆಯ ನಡುಭಾಗವನ್ನೇ ಬಿಗಿದರೆ ಒತ್ತಡವೆಲ್ಲ ಕೆಳಕ್ಕಿಳಿದು ಯೋನಿಯ ಸುತ್ತಲಿನ ಸ್ನಾಯುಗಳ ಮೇಲೆ ಬೀಳುತ್ತದೆ; ಎದೆಯುರಿಯೂ ಬರಬಹುದು. ನಡೆದಾಡುವಾಗ ಹಾಕಿ, ಮಲಗುವಾಗ ಬಿಚ್ಚಿಡಿ.

ಬೆಲ್ಟಿನ ಅಂಟುಪಟ್ಟಿಗೆ, ಅಂದರೆ ವೆಲ್ಕ್ರೋಗೆ ಪೂರ್ತಿ ಅಂಕ ಕೊಡಲಾಗದು. ದಾರ, ಕೂದಲು ಸಿಕ್ಕಿಕೊಂಡು ಬೇಗ ಹಿಡಿತ ಕಳೆದುಕೊಳ್ಳುತ್ತದೆ. ಒಗೆಯುವ ಮುನ್ನ ಅದನ್ನು ಅಂಟಿಸಿಡಿ, ತಣ್ಣೀರಲ್ಲಿ ಕೈಯಿಂದ ಒಗೆದು ನೆರಳಲ್ಲಿ ಒಣಹಾಕಿ. ಬಿಚ್ಚುವಾಗ ಬರುವ ಪರ್‍ರ್ ಸದ್ದಿಗೆ ಆಗತಾನೆ ನಿದ್ದೆ ಹೋದ ಕೂಸು ಬೆಚ್ಚಿ ಏಳುತ್ತದೆ. ತಯಾರಕರು ಇದನ್ನು ಖಂಡಿತ ಸರಿಪಡಿಸಬೇಕು.

ನೋವಿನ ಮಾತ್ರೆಗೆ ಬೆಲ್ಟ್ ಬದಲಿಯಲ್ಲ. ಶಸ್ತ್ರಚಿಕಿತ್ಸೆಯಾದವರು ಬೇಗ ಚೇತರಿಸಿಕೊಳ್ಳಲು ಮಾರ್ಗಸೂಚಿ ರೂಪಿಸುವ ಎರಾಸ್ (ERAS) ಸೊಸೈಟಿ ಎಂಬ ವೈದ್ಯರ ಸಂಘವಿದೆ. 2018-19ರಲ್ಲಿ ಬಂದ ಅದರ ಸಿಸೇರಿಯನ್ ಮಾರ್ಗಸೂಚಿಯಲ್ಲಿ ಪ್ಯಾರಾಸಿಟಮಾಲ್ ಮತ್ತು ಉರಿಯೂತ ತಗ್ಗಿಸುವ ನೋವಿನ ಮಾತ್ರೆಗಳನ್ನು ನಿಯಮಿತವಾಗಿ ಕೊಡುವುದು, ಸಿಸೇರಿಯನ್ ಆದ 2 ಗಂಟೆಯೊಳಗೆ ಊಟ ಶುರು ಮಾಡುವುದು, ಮೂತ್ರದ ನಳಿಕೆ ಬೇಗ ತೆಗೆಯುವುದು, ಬೇಗ ಎದ್ದು ಓಡಾಡುವುದು ಇವೆಲ್ಲ ಇವೆ. ನೋವು ಏರಿದ ಮೇಲೆ ಮಾತ್ರೆ ನುಂಗುವುದಕ್ಕಿಂತ ಡಾಕ್ಟರ್ ಹೇಳಿದ ಹೊತ್ತಿಗೆ ತಪ್ಪದೆ ತೆಗೆದುಕೊಂಡರೆ ಬೆಲ್ಟ್ ಕಟ್ಟಿ ಓಡಾಡುವುದೂ ಸುಲಭ. ಕೆಮ್ಮು ಬಂದಾಗ ಮಡಚಿದ ಟವೆಲನ್ನು ಹೊಲಿಗೆಯ ಮೇಲೆ ಅವುಚಿ ಹಿಡಿದರೂ ಹೆಚ್ಚುಕಡಿಮೆ ಇದೇ ಆಸರೆ ಸಿಗುತ್ತದೆ.

ಒಳಗಿನ ಬಟ್ಟೆ ಬಿಳಿಯದಾಗಿರಲಿ. ಕೀವು, ರಕ್ತ ಒಸರಿದರೆ ತಕ್ಷಣ ಕಾಣುತ್ತದೆ. ಹಾಗೆ ಕಂಡರೆ, ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅಥವಾ ಒಂದೇ ಕಾಲು ಊದಿ ನೋಯುತ್ತಿದ್ದರೆ ಬೆಲ್ಟ್ ಬಿಚ್ಚಿಟ್ಟು ಅಂದೇ ಆಸ್ಪತ್ರೆಗೆ ಹೋಗಬೇಕು.