ಫ್ಲ್ಯಾಟಿನ ಮನೆಗೆ ಕಾಗದ ಕತ್ತರಿಸುವ ಯಂತ್ರ: ಬಳಸಿ ನೋಡಿದ ಅಭಿಪ್ರಾಯ

ಶ್ರೆಡ್ಡರ್ ಎಂಬ ಕಾಗದ ಕತ್ತರಿಸುವ ಯಂತ್ರವನ್ನು ನಮ್ಮಲ್ಲಿ ಹೆಚ್ಚಿನವರು ನೋಡಿರುವುದು ಬ್ಯಾಂಕುಗಳಲ್ಲಿ ಅಥವಾ ಲೆಕ್ಕಪರಿಶೋಧಕರ ಕಚೇರಿಗಳಲ್ಲಿ ಮಾತ್ರ. ಮಂಗಳೂರಿನ ಹಳೆಯ ಹಂಚಿನ ಮನೆಗಳಿಗೆ ಅದು ಬೇಕಾಗಿಯೂ ಇರಲಿಲ್ಲ. ಬೇಡವಾದ ಕಾಗದ ತೆಂಗಿನ ಗರಿ, ಸಿಪ್ಪೆಗಳ ಜತೆ ಬಚ್ಚಲೊಲೆ ಸೇರಿ ಹಂಡೆಯ ನೀರು ಕಾಯಿಸುತ್ತಿತ್ತು. ಕದ್ರಿ, ಬಿಜೈ, ಕೊಟ್ಟಾರದ ಫ್ಲ್ಯಾಟುಗಳಲ್ಲಿ ಒಲೆ ಇಲ್ಲ, ಕಾಗದ ಮಾತ್ರ ಮೊದಲಿಗಿಂತ ಹೆಚ್ಚು. ಅದೀಗ ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ಪಣಂಬೂರು ಕಡಲತೀರದಲ್ಲಿ ಚರುಮುರಿ ತಿಂದು ಮುಗಿಸಿ ಅದರ ಪೊಟ್ಟಣವನ್ನು ಬಿಚ್ಚಿ ಓದುವ ಅಭ್ಯಾಸವುಳ್ಳವರಿಗೆ, ಗುಜರಿಗೆ ಹೋದ ಕಾಗದವೆಲ್ಲವೂ ಕಾರ್ಖಾನೆಯನ್ನೇ ಸೇರುವುದಿಲ್ಲವೆಂದು ಹೇಳಬೇಕಾಗಿಲ್ಲ.

ನಾವು ಕೊಂಡದ್ದು ನಾಲ್ಕು ಸಾವಿರ ರೂಪಾಯಿಯ ಆಸುಪಾಸಿನ, ಮೇಜಿನ ಕೆಳಗೆ ಇಡಬಹುದಾದ ಒಂದು ಕ್ರಾಸ್‌ಕಟ್ ಯಂತ್ರ, ಅಂದರೆ ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಕತ್ತರಿಸುವಂಥದ್ದು. ಇದರ ಚೂರಿನ ಅಳತೆ 4 ಮಿ.ಮೀ. ಅಗಲ, 35 ಮಿ.ಮೀ. ಉದ್ದ, ಅಂದರೆ ಒಂದು ಎ4 ಹಾಳೆ ಸುಮಾರು 445 ಚೂರುಗಳಾಗುತ್ತದೆ. ಇದಕ್ಕಿಂತ ಅಗ್ಗದ ಸ್ಟ್ರಿಪ್‌ಕಟ್ ಯಂತ್ರಗಳು ಹಾಳೆಯನ್ನು ಉದ್ದುದ್ದ ಪಟ್ಟಿಗಳಾಗಿ ಸೀಳುತ್ತವೆ, ಮತ್ತು 6 ಮಿ.ಮೀ. ಅಗಲದ ಪಟ್ಟಿಯಾದರೆ ಅದೇ ಎ4 ಹಾಳೆಯಿಂದ ಬರುವುದು 35 ಪಟ್ಟಿಗಳು ಮಾತ್ರ. 1979ರಲ್ಲಿ ಟೆಹರಾನಿನ ಅಮೆರಿಕನ್ ರಾಯಭಾರ ಕಚೇರಿಯನ್ನು ವಶಪಡಿಸಿಕೊಂಡವರು, ಹೀಗೆ ಸೀಳಿದ್ದ ರಹಸ್ಯ ಪತ್ರಗಳನ್ನು ಪಟ್ಟಿಗೆ ಪಟ್ಟಿ ಹೊಂದಿಸಿ ಮತ್ತೆ ಓದಿದ್ದರು. ನಮ್ಮ ವಿದ್ಯುತ್ ಬಿಲ್ಲಿಗಾಗಿ ಅಷ್ಟು ಶ್ರಮ ಪಡುವವರು ಯಾರೂ ಇಲ್ಲ, ನಿಜ. ಆದರೆ ಬರಹದ ಸಾಲು ಪಟ್ಟಿಯ ಉದ್ದಕ್ಕೇ ಬರುವಂತೆ ಹಾಳೆಯನ್ನು ಅಡ್ಡಲಾಗಿ ತೂರಿಸಿದರೆ, ಹೆಸರು ಮತ್ತು ಖಾತೆಸಂಖ್ಯೆ ಇಡಿಯಾಗಿ ಒಂದೇ ಪಟ್ಟಿಯಲ್ಲಿ ಉಳಿದುಬಿಡುತ್ತವೆ. ಅದನ್ನು ಓದಲು ಶ್ರಮವೇ ಬೇಡ. ಜರ್ಮನಿಯ ಡಿಐಎನ್ 66399 ಮಾನದಂಡದಲ್ಲಿ ಕಾಗದಕ್ಕೆ, ಚೂರು ಸಣ್ಣದಾದಷ್ಟೂ ಮೇಲೇರುವಂತೆ, ಪಿ-1ರಿಂದ ಪಿ-7ರವರೆಗೆ ದರ್ಜೆಗಳಿವೆ. ಚೂರಿನ ಅಗಲ 6 ಮಿ.ಮೀ., ವಿಸ್ತೀರ್ಣ 160 ಚದರ ಮಿ.ಮೀ. ಮೀರದಿದ್ದರೆ ಅದು ಪಿ-4. ಮನೆಬಳಕೆಗೆ ಅಷ್ಟು ಸಾಕು. ಅದಕ್ಕಿಂತ ಮೇಲಿನ ದರ್ಜೆಗೆ ಕೊಡುವ ಹಣ ವ್ಯರ್ಥವೆಂದೇ ನನ್ನ ಅಭಿಪ್ರಾಯ.

ಈ ಊರಿನ ಕಪಾಟುಗಳಲ್ಲಿ ಬ್ಯಾಂಕಿನ ಕಾಗದಕ್ಕೆ ಬರವಿಲ್ಲ. ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾವನ್ನೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕನ್ನೂ ಸೇರಿದವು. ಮೂರರ ಹಳೆಯ ಪಾಸ್‌ಬುಕ್ಕು, ಚೆಕ್‌ಬುಕ್ಕುಗಳು ಅಭಿಮಾನದ ಕಾರಣಕ್ಕೋ ಸೋಮಾರಿತನದ ಕಾರಣಕ್ಕೋ ನಮ್ಮಲ್ಲಿ ಹಾಗೆಯೇ ಉಳಿದಿದ್ದವು. ಬ್ಯಾಂಕಿನ ಹೆಸರು ಅಳಿದರೂ ಅವುಗಳ ಮೇಲಿನ ಫೋಟೊ, ಸಹಿ, ವಿಳಾಸ, ಹುಟ್ಟಿದ ದಿನಾಂಕ ಅಳಿದಿಲ್ಲ. ಪಾಸ್‌ಬುಕ್ಕಿನ ರಟ್ಟನ್ನು ಹರಿದು ತೆಗೆದು, ಒಳಪುಟಗಳನ್ನು ನಾಲ್ಕೈದರಂತೆ ಕೊಟ್ಟರೆ ಯಂತ್ರ ಸರಾಗವಾಗಿ ನುಂಗುತ್ತದೆ. ಸ್ಟೇಪಲ್ ಪಿನ್ನುಗಳನ್ನು ತಡೆದುಕೊಳ್ಳುತ್ತದೆಂದು ಪೆಟ್ಟಿಗೆಯ ಮೇಲೆ ಬರೆದಿದ್ದರೂ ತೆಗೆದು ಹಾಕುವುದೇ ಒಳ್ಳೆಯದು. ಅವಧಿ ಮುಗಿದ ಡೆಬಿಟ್ ಕಾರ್ಡಿಗೆ ಬೇರೆ ಬಾಯಿ ಇದೆ. ಚಿಪ್ಪಿನ ಭಾಗವನ್ನು ಮಾತ್ರ ಮೊದಲು ಕತ್ತರಿಯಿಂದ ತುಂಡರಿಸಬೇಕು.

ಎಚ್ಚರದಿಂದ ನೋಡಬೇಕಾದ ಕಾಗದವೆಂದರೆ ಜಾಗದ ಕ್ರಯಪತ್ರದ ಹೆಚ್ಚುವರಿ ಝೆರಾಕ್ಸ್ ಪ್ರತಿ. ಸಾಲಕ್ಕೆಂದು, ಖಾತಾ ಬದಲಾವಣೆಗೆಂದು ಮಾಡಿಸಿದ ಇಂಥ ಪ್ರತಿಗಳು ಪ್ರತಿ ಮನೆಯಲ್ಲೂ ನಾಲ್ಕಾರು ಇರುತ್ತವೆ, ಮತ್ತು ಅವುಗಳಲ್ಲಿ ಆಧಾರ್ ಸಂಖ್ಯೆಯೂ ಹೆಬ್ಬೆಟ್ಟಿನ ಗುರುತೂ ಒಟ್ಟಿಗೇ ಸಿಗುವುದುಂಟು. ಎಇಪಿಎಸ್ ಎಂಬ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲು ಬೇಕಾಗುವುದು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು, ಒಟಿಪಿ ಬೇಕಿಲ್ಲ. 2023ರಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಮಂಗಳೂರಿನ ಹಲವರ ಖಾತೆಗಳಿಂದ ಹಣ ಹೋದದ್ದು ಹೀಗೆಯೇ. ಆ ಬೆರಳಚ್ಚುಗಳು ಸಿಕ್ಕಿದ್ದು ಯಾರದೋ ಮನೆಯ ಕಸದಲ್ಲಲ್ಲ, ಜಾಲತಾಣದಿಂದ ಇಳಿಸಿಕೊಂಡ ನೋಂದಣಿ ದಾಖಲೆಗಳಲ್ಲಿ. ಅಂಥ ಕಳವಿನ ಮುಂದೆ ಯಾವ ಶ್ರೆಡ್ಡರೂ ನಿರುಪಯೋಗಿ. ಆಧಾರ್‌ನ ಅಧಿಕೃತ ಆ್ಯಪಿನಲ್ಲಿ ಬಯೋಮೆಟ್ರಿಕ್ ಬೀಗ ಹಾಕಿಕೊಳ್ಳುವುದು ಅದಕ್ಕೆ ಪರಿಹಾರ, ಮತ್ತು ಅದಕ್ಕೆ ಖರ್ಚಿಲ್ಲ. ಲಾಡ್ಜಿನಲ್ಲಿ ಗುರುತಿನ ಚೀಟಿ ಕೇಳಿದಾಗ, ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮಾಸ್ಕ್ಡ್ ಆಧಾರ್ ಪ್ರತಿಯನ್ನು ಮೊದಲು ಮುಂದಿಟ್ಟು ನೋಡಬಹುದು. ಮೂಲ ಕ್ರಯಪತ್ರ, ಚಾಲ್ತಿಯ ವಿಮಾ ಪಾಲಿಸಿ, ಇತ್ತೀಚಿನ ವರ್ಷಗಳ ತೆರಿಗೆ ಕಾಗದ ಇವು ಅಪ್ಪಿತಪ್ಪಿಯೂ ಯಂತ್ರದ ಹತ್ತಿರ ಸುಳಿಯಬಾರದು.

ಯಂತ್ರದ ದೋಷಗಳು ಮಳೆಗಾಲದಲ್ಲಿ ಹೊರಬೀಳುತ್ತವೆ. ಜುಲೈ ತಿಂಗಳ ತೇವ ಹೀರಿದ ಕಾಗದ ಗರಿಗರಿಯಾಗಿ ತುಂಡಾಗದೆ, ಮೆತ್ತಗಾಗಿ ಹಲ್ಲುಗಳಿಗೆ ಸುತ್ತಿಕೊಳ್ಳುತ್ತದೆ. ಎಂಟು ಹಾಳೆಯ ಸಾಮರ್ಥ್ಯವೆಂದು ಬರೆದಿರುವ ಯಂತ್ರ ಆಗ ನಾಲ್ಕಕ್ಕೇ ನಿಂತುಬಿಡುತ್ತದೆ, ಮತ್ತು ಹಿಮ್ಮುಖ ಗುಂಡಿಯನ್ನು ಮತ್ತೆ ಮತ್ತೆ ಒತ್ತಬೇಕಾಗುತ್ತದೆ. ಎರಡು ನಿಮಿಷ ಓಡಿಸಿದರೆ ಅರ್ಧ ಗಂಟೆ ತಣಿಯಲು ಬಿಡಬೇಕೆಂಬ ನಿಯಮವಿರುವುದರಿಂದ, ಹಳೆಯ ಕಪಾಟನ್ನು ಒಂದೇ ಭಾನುವಾರದಲ್ಲಿ ಬರಿದು ಮಾಡುವ ಆಸೆ ಈಡೇರದು. ಹಲ್ಲುಗಳಿಗೆ ಎಣ್ಣೆ ಬೇಕು, ಆದರೆ ಒತ್ತಡದ ಡಬ್ಬಿಯ ಸ್ಪ್ರೇ ಕೂಡದು; ಅದರ ಅನಿಲಕ್ಕೆ ಮೋಟರಿನ ಕಿಡಿ ತಗುಲಿದರೆ ಹೊತ್ತಿಕೊಳ್ಳುವ ಭಯವಿದೆ. ಸದ್ದು ಮಿಕ್ಸಿಯದರಷ್ಟಿದೆ. ಚೂರುಗಳನ್ನು ನಾವು ಗಾಜಿನ ಸಾಮಾನು ಕಟ್ಟಲು ಬಳಸುತ್ತೇವೆ, ಉಳಿದದ್ದು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಣಕಸಕ್ಕೆ ಹೋಗುತ್ತದೆ.

ಹಿತ್ತಿಲು, ಒಲೆ ಎರಡೂ ಇರುವ ಉಡುಪಿ ಕಡೆಯ ಮನೆಯವರು ಇದನ್ನು ಕೊಳ್ಳಬೇಕಾಗಿಲ್ಲ. ಆದರೆ ಕಾಗದದ ಕಟ್ಟನ್ನು ಹಾಗೆಯೇ ಒಲೆಗಿಟ್ಟರೆ ಅಂಚು ಕರಿದಾಗಿ ನಡುವಿನ ಹಾಳೆಗಳು ಉಳಿಯುತ್ತವೆ. ಬಿಡಿಸಿ ಒಂದೊಂದಾಗಿ ಸುಡಬೇಕು, ಪ್ಲಾಸ್ಟಿಕ್ ಕಾರ್ಡುಗಳನ್ನು ಸುಡಲೇಬಾರದು. ಫ್ಲ್ಯಾಟಿನವರು ಕೊಳ್ಳುವುದಾದರೆ ಹಂಪನಕಟ್ಟೆಯ ಅಂಗಡಿಗೆ ಅಚ್ಚಾದ ಒಂದು ಹಾಳೆಯನ್ನು ಒಯ್ದು, ಅಡ್ಡಲಾಗಿ ತೂರಿಸಿ, ಡಬ್ಬಿಗೆ ಬಿದ್ದ ಚೂರುಗಳಲ್ಲಿ ಒಂದು ಪೂರ್ತಿ ಸಾಲು ಓದಲು ಸಿಗುತ್ತದೆಯೇ ಎಂದು ಅಲ್ಲಿಯೇ ಹುಡುಕಿ ನೋಡಲಿ.