ಹಳೇ ಬೋಟ್ ರಿಪೇರಿಗೆ ಪಾಲಿಯೆಸ್ಟರ್ ರೆಸಿನ್ನಾ, ಎಪಾಕ್ಸಿನಾ?

ಎರಡೂ ಹಚ್ಚಿದ ಮೇಲೆ ಗಟ್ಟಿಯಾಗೋ ಅಂಟಿನಂಥ ದ್ರವಗಳೇ (ರೆಸಿನ್). ದುಡ್ಡಿನ ಲೆಕ್ಕಕ್ಕೆ ಪಾಲಿಯೆಸ್ಟರೇ ಅಗ್ಗ, ಬೇಗ ಗಟ್ಟಿನೂ ಆಗುತ್ತೆ, ಆದ್ರೆ ವಾಸನೆಗೆ ತಲೆ ಸಿಡಿಯುತ್ತೆ, ಮುಚ್ಚಿದ ಶೆಡ್‌ನಲ್ಲಿ ಬೇಡವೇ ಬೇಡ. ಅಂಟೋ ವಿಷಯಕ್ಕೆ ಬಂದ್ರೆ ಎಪಾಕ್ಸಿನೇ ಮುಂದೆ, ಹಳೇ ಫೈಬರ್‌ಗೂ ಮರಕ್ಕೂ ಕಚ್ಕೊಂಡು ಕೂರುತ್ತೆ. ಹಾಗಾಗಿ ಇಂಜಿನ್ ನೇತಾಡೋ ಹಿಂಬದಿ ಹಲಗೆಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ, ಮೆತ್ತಗೆ ಒಳಗೆ ಹೋಗಿ ಕಂದು ನೀರು ಜಿನುಗಿದ್ರೆ ಕೊಳೆತದ್ದನ್ನ ಪೂರ್ತಿ ತೆಗೆದು ಎಪಾಕ್ಸಿನೇ ಹಾಕಿ ಅಂತೀನಿ ನಾನು. ಆದ್ರೆ ಅದಕ್ಕೆ ಹಾರ್ಡ್ನರ್ (ರೆಸಿನ್ ಗಟ್ಟಿಯಾಗೋಕೆ ಬೆರೆಸೋ ದ್ರವ) ಅಳತೆ ಕರೆಕ್ಟಾಗಿರ್ಬೇಕು, ಬೇಗ ಒಣಗ್ಲಿ ಅಂತ ಜಾಸ್ತಿ ಸುರಿದ್ರೆ ಅಂಟಂಟಾಗೇ ಉಳಿಯುತ್ತೆ (ನಾನೂ ಮಾಡ್ಕೊಂಡಿದೀನಿ, ಕೆರೆದು ಕೆರೆದು ಸಾಕಾಯ್ತು). ಪಾಲಿಯೆಸ್ಟರ್‌ಗೆ ಹಾರ್ಡ್ನರ್ ಸಾಮಾನ್ಯವಾಗಿ 1ರಿಂದ 2 ಪರ್ಸೆಂಟ್, ಒಂಚೂರು ಆಚೀಚೆ ಆದ್ರೂ ನಡೆಯುತ್ತೆ. ಮೇಲೆ ಜೆಲ್‌ಕೋಟ್ (ಬೋಟ್‌ನ ಹೊಳಪಿನ ಹೊರಪದರ) ಹಾಕೋದಿದ್ರೂ ಪಾಲಿಯೆಸ್ಟರೇ ಸಲೀಸು. ಎಪಾಕ್ಸಿ ಬಿಸಿಲು ತಡೆಯಲ್ಲ, ಪೇಂಟ್ ಹೊಡೀಲೇಬೇಕು. ನೀರಿನ ಮಟ್ಟಕ್ಕಿಂತ ಮೇಲಿರೋ ಸಣ್ಣಪುಟ್ಟ ಬಿರುಕಿಗೆ ಅಷ್ಟು ಖರ್ಚ್ಯಾಕೆ, ಪಾಲಿಯೆಸ್ಟರ್ ಸಾಕು.