ಸಂಘದ ಕಪಾಟಿಗೆ ಡಬ್ಲಿನ್ ಕೋರೋ, ಸ್ಕೀಮಾ ಡಾಟ್ ಆರ್ಗೋ?

ಮುಂಬಯಿಯ ಕನ್ನಡ ಸಂಘಗಳ ಕಪಾಟುಗಳಲ್ಲಿ ಪುಸ್ತಕಗಳಿಗಿಂತ ಹೆಚ್ಚು ತಲೆನೋವು ಕೊಡುವುದು ಸ್ಮರಣ ಸಂಚಿಕೆಗಳು: ಸಂಪಾದಕರು ಮೂವರು, ಪ್ರಕಾಶಕರು ಸಂಘವೇ, ಇಸವಿ ಕೆಲವೊಮ್ಮೆ ಇಲ್ಲವೇ ಇಲ್ಲ. ಇಂಥವನ್ನು ಪಟ್ಟಿ ಮಾಡಲು 1995ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಡಬ್ಲಿನ್‌ನಲ್ಲಿ ಹುಟ್ಟಿದ ಡಬ್ಲಿನ್ ಕೋರ್ ಎಂಬ ವಿವರ ದಾಖಲಿಸುವ ಮಾದರಿ ಹೇಳಿ ಮಾಡಿಸಿದಂತಿದೆ. ಶೀರ್ಷಿಕೆ, ಕರ್ತೃ, ದಿನಾಂಕದಂಥ ಮೂಲ ಅಂಶಗಳು 15. ಯಾವುದೂ ಕಡ್ಡಾಯವಲ್ಲ, ಯಾವುದನ್ನೂ ಎಷ್ಟು ಸಲ ಬೇಕಾದರೂ ಬಳಸಬಹುದು. ಮೂವರು ಸಂಪಾದಕರಿಗೆ ಮೂರು ಸಾಲು. ಇಸವಿ ಗೊತ್ತಿಲ್ಲವೇ, ಆ ಸಾಲೇ ಬೇಡ.

ಗೂಗಲ್, ಬಿಂಗ್, ಯಾಹೂ ಸೇರಿ 2011ರಲ್ಲಿ ತಂದ, ಜಾಲಪುಟದಲ್ಲಿ ಏನಿದೆ ಎಂದು ಹುಡುಕು ಯಂತ್ರಗಳಿಗೆ ತಿಳಿಸುವ ಪದಪಟ್ಟಿಯಾದ ಸ್ಕೀಮಾ ಡಾಟ್ ಆರ್ಗ್‌ನಲ್ಲಿ ಪುಸ್ತಕಕ್ಕೂ ಜಾಗವಿದೆ, ಆದರೆ ಸಂಘಕ್ಕೆ ಅದು ಒದಗುವುದು ಮಾಟುಂಗಾದ ಯಕ್ಷಗಾನಕ್ಕೆ: ವೇಳೆ, ಸಭಾಂಗಣ, ಟಿಕೆಟ್ ದರ ಎಲ್ಲಕ್ಕೂ ಪ್ರತ್ಯೇಕ ಮನೆ. ನನ್ನ ಮತ ಕಪಾಟಿಗೆ ಮೊದಲನೆಯದು, ಕಾರ್ಯಕ್ರಮಗಳ ಪುಟಕ್ಕೆ ಎರಡನೆಯದು. ಯಾವುದನ್ನು ಹಿಡಿದರೂ ಶೀರ್ಷಿಕೆಯನ್ನು ಕನ್ನಡ ಲಿಪಿಯಲ್ಲೇ ಬರೆದು, ‘ಕೆಎನ್’ (kn) ಎಂಬ ಕನ್ನಡದ ಭಾಷಾ ಸಂಕೇತ ಸೇರಿಸಿ.